ಪೂಜೆ ಹಿಡಿದವನ ಹೆಂಡತಿ

ಬಬ್ಬೂರು ಫಾರಂ
12-3-1973

ಮಗಳು ನಾಗಿಗೆ ದೊಡ್ಡವ್ವ ಯಲ್ಲಕ್ಕ ಬರೆಯುವುದು.

ನಿನ್ನ ಕಾಗದವನ್ನು ಪೋಸ್ಟಿನವನು ಹೊಲಕ್ಕೇ ತಂದುಕೊಟ್ಟ. ಕಡಲೆಕಾಯಿ ಬಿಡಿಸುತ್ತಿದ್ದೆವು. ಸುತ್ತ ಕೂತ ಹೆಂಗಸರು "ಜೋರಾಗಿ ಓದೇ ಯಲ್ಲಕ್ಕ, ನಾವೂ ಕೇಳ್ತೀವಿ" ಎಂದರು. ಎರಡು ಸಾಲು ಕಣ್ಣಾಡಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಕುರಿ ಈದಾವಂತೆ ಕಣ್ರೇ, ಅಷ್ಟೇ" ಎಂದೆ.

ನೀನು ಕುರಿಯ ವಿಷಯ ಬರೆದಿದ್ದೀಯ, ಮೇವಿನ ವಿಷಯ ಬರೆದಿದ್ದೀಯ, ಮೊಮ್ಮಗಳು ಪಾಲಮ್ಮನ ಹಲ್ಲು ಬಿದ್ದದ್ದನ್ನು ಬರೆದಿದ್ದೀಯ. ನಡುವೆ ಒಂದು ಸಾಲು: "ನಿಮ್ಮ ಅಳಿಯ ಈಗ ಮನೆಯೊಳಗೆ ಮಲಗುವುದಿಲ್ಲ, ಕುರಿ ಕೂಡುವ ರೊಪ್ಪದಲ್ಲಿ ಮಲಗುತ್ತಾರೆ." ಮಿಕ್ಕದ್ದೆಲ್ಲ ಆ ಒಂದು ಸಾಲನ್ನು ಮುಚ್ಚಿಡಲು ಬರೆದದ್ದು. ನಿನ್ನವ್ವ ತೀರಿಕೊಂಡಾಗಿನಿಂದ ನಿನ್ನನ್ನು ಸಾಕಿದವಳಿಗೆ ಅಷ್ಟೂ ತಿಳಿಯದೇ?

ಗಂಡಸು ಹಾಸಿಗೆ ಎತ್ತಿಕೊಂಡು ಆಚೆ ಹೋದರೆ ಹೆಂಗಸಿನ ತಲೆ ಒಂದೇ ದಾರಿ ಹಿಡಿಯುತ್ತದೆ. ನನ್ನ ತಲೆಯೂ ಅತ್ತಲೇ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಗಂಡ ಜುಂಜಯ್ಯ ಅಂಥವನಲ್ಲ. ಹೋದ ವರ್ಷ ನಿನ್ನ ಎರಡನೆಯ ಕೂಸು ಸತ್ತೇ ಹುಟ್ಟಿ, ರಕ್ತ ನಿಲ್ಲದೆ ನಿನ್ನನ್ನು ಹೊಳಲ್ಕೆರೆ ಆಸ್ಪತ್ರೆಗೆ ಹಾಕಿದಾಗ, ಅವನು ನೀರು ಸಹ ಕುಡಿಯದೆ ಹೊರಗೆ ನಿಂತಿದ್ದ. ಆ ದುಃಖ ಗಂಡಸರಲ್ಲಿ ಬೇರೆ ಬಾಗಿಲಿಂದ ಹೊರಗೆ ಬರುತ್ತದೆ. ಈಗಲೇ ಕೇಳಬೇಡ. ಸ್ವಲ್ಪ ನೋಡು. ಅಂತ್ರ ಕಟ್ಟಿಸುತ್ತೇನೆ, ಬೂದಿ ತರಿಸುತ್ತೇನೆ ಎಂದು ಯಾರ ಹತ್ತಿರವೂ ಹೋಗಬೇಡ.

ಹೊಟ್ಟೆ ತುಂಬ ಉಣ್ಣು. ಮೈಗೆ ಇನ್ನೂ ರಕ್ತ ಬಂದಿಲ್ಲ.

ನಿನ್ನ ದೊಡ್ಡವ್ವ
ಯಲ್ಲಕ್ಕ


ತಾಳ್ಯದ ಹಟ್ಟಿ
9-4-1973

ದೊಡ್ಡವ್ವನಿಗೆ ನಾಗಿಯ ಶರಣು.

ನೀವು ಹೇಳಿದಂತೆ ಕೇಳದೆ ಕಾದೆ. ಉತ್ತರ ಇಡೀ ಹಟ್ಟಿಯ ಮುಂದೆಯೇ ಬಂತು.

ನಮ್ಮ ಹಟ್ಟಿದೇವರ ಪೂಜಾರಿ ಚಿಕ್ಕತಿಮ್ಮಪ್ಪಜ್ಜ ಶಿವರಾತ್ರಿಯ ಹೊತ್ತಿಗೆ ತೀರಿಕೊಂಡರು. ಅಮಾವಾಸ್ಯೆಯ ದಿನ ಹೊಸ ಪೂಜಾರಿಯನ್ನು ಆರಿಸಲು ಎಲ್ಲರೂ ಗುಡಿಯ ಮುಂದೆ ಸೇರಿದ್ದರು. ಇಲ್ಲಿ ಪೂಜೆ ಹಿಡಿಯುವವರು ಮಕ್ಕಳ ಮದುವೆ ಮುಗಿಸಿದ ಮುದುಕರು. ಹಿಡಿದವನು ಹೆಂಡತಿಯ ಸಂಗ ಬಿಡಬೇಕು, ಗುಡಿಯಲ್ಲೇ ಮಲಗಬೇಕು, ತನ್ನ ಗಂಜಿ ತಾನೇ ಕಾಯಿಸಿಕೊಳ್ಳಬೇಕು, ಮುಟ್ಟಾದವರ, ಬಾಣಂತಿಯರ ನೆರಳು ಸಹ ಸೋಕಿಸಿಕೊಳ್ಳಬಾರದು. ಮುದುಕರು ಯಾರೂ ಮುಂದೆ ಬರಲಿಲ್ಲ. ನಿಮ್ಮ ಅಳಿಯ ಎದ್ದು ನಿಂತರು.

ಗೌಡ ಗೊಲ್ಲಪ್ಪ ನಕ್ಕೇಬಿಟ್ಟರು. "ಲೇ ಜುಂಜಯ್ಯ, ನಿನ್ ಮೀಸೆ ಇನ್ನೂ ಕರ್ರಗೈತೆ. ಮನೇಲಿ ಎಳೇ ಹೆಂಡ್ತಿ ಅವ್ಳೆ. ನಿನ್ ಕೈಲಿ ಆಗ್ತದೇನಪ್ಪ?"

"ಆಗ್ತದೆ."

"ಇವತ್ತು ಹಿಡಿದು ನಾಳೆ ಬಿಡಂಗಿಲ್ಲ ಕಣೋ. ದೇವ್ರು ಸುಮ್ನಿರಲ್ಲ, ಮಂದೆಗೆ ಮಂದೇನೇ ಸಾಯಿಸ್ತಾನೆ."

"ಗೊತ್ತೈತೆ ಗೌಡ್ರೆ. ಹೆಂಡ್ತಿ ಸಂಗ ಈಗ್ಲೇ ಬಿಟ್ಟಂಗೈತೆ."

ನನ್ನ ಹಾಸಿಗೆಯ ಸುದ್ದಿಯನ್ನು ಹೀಗೆ ಹಟ್ಟಿಗೆ ಒಪ್ಪಿಸಿದರು ದೊಡ್ಡವ್ವ. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಹಿಂದೆ ನಿಂತಿದ್ದೆ. ಮಾರನೆಯ ದಿನ ಬಾವಿಯ ಹತ್ತಿರ ಗೌಡರ ಹೆಂಡತಿ ಬಸಮ್ಮ "ಏನೇ ನಾಗಿ, ಬೇವಿನಕಾಯಾ ನೀನು? ಗಂಡ ಉಗುಳಿ ದೇವ್ರತ್ರ ಓಡಿಹೋದ್ನಲ್ಲೇ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅತ್ತುಬಿಡುತ್ತಿದ್ದೆ.

ಸತ್ತ ಕೂಸನ್ನು ಹೆತ್ತವಳೆಂದು ಅವರಿಗೆ ನನ್ನ ಮೈ ಕಂಡರೆ ಹೇಸಿಗೆಯೇ? ನನಗೆ ಹೆದರಿಕೆಯಾಗುತ್ತದೆ. ಅವರು ಗುಡಿಯಲ್ಲಿ, ನಾನು ಮನೆಯಲ್ಲಿ. ನಡುವೆ ಇರುವುದು ಒಂದು ಕೂಗಳತೆ, ಆದರೆ ಕೂಗುವಂತಿಲ್ಲ.

ನಿಮ್ಮ
ನಾಗಿ


ಬಬ್ಬೂರು ಫಾರಂ
14-5-1973

ನಾಗಿ,

ಇದನ್ನು ಓದುವಾಗ ಒಬ್ಬಳೇ ಇರು. ಪಾಲಮ್ಮನನ್ನು ಆಡಲು ಕಳಿಸು.

ನಿನ್ನ ಗಂಡನನ್ನು ಕಂಡೆ. ಹೊಸ ಪೂಜಾರಿ ಬಂದರೆ ದೇವರ ಸಾಮಾನನ್ನು ವೇದಾವತಿಯಲ್ಲಿ ತೊಳೆಯುವುದು ನಿಮ್ಮ ಹಟ್ಟಿಯ ಪದ್ಧತಿಯಂತೆ. ಹಿರಿಯೂರಿಗೆ ಬಂದಿದ್ದಾರೆ ಎಂದು ತಿಳಿದು ಹೊಳೆಯ ದಂಡೆಗೆ ಹೋದೆ. ಮಿಕ್ಕವರೆಲ್ಲ ಹೊಂಗೆ ಮರದ ಕೆಳಗೆ ಉಣ್ಣುತ್ತಿದ್ದರು. ಇವನೊಬ್ಬನೇ ದೂರದಲ್ಲಿ, ಬರಿಗಾಲಿನಲ್ಲಿ, ದೇವರ ಬೆತ್ತವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಏನಪ್ಪ ಅಳಿಯ, ಸೊರಗಿದೀಯಲ್ಲ. ನಿನ್ ದೇವ್ರು ಊಟ ಹಾಕಲ್ವಾ?"

"ದೂರ ಕುಂತ್ಕಳ್ರಿ ಅತ್ತೆ. ಮಡಿ."

"ಕುಂತೀನಿ. ಇಲ್ಲಿಂದ್ಲೂ ಬೈಯೋಕೆ ಬರ್ತದೆ ನನಗೆ. ಹೇಳು, ಯಾವಳು ಅವ್ಳು?"

ಬಾಯಿ ತೆರೆದುಕೊಂಡು ನೋಡಿದ. ಆಮೇಲೆ ತಲೆ ತಗ್ಗಿಸಿದ. ಗಂಡಸು ಅಳುವುದನ್ನು ನೋಡಬಾರದು ಎಂದು ನಾನು ಹೊಳೆಯ ಕಡೆ ತಿರುಗಿ ಕೂತೆ. ನೀರಿಗೆ ಹೇಳುವವನಂತೆ ಅವನು ಹೇಳಿದ.

ಹೋದ ವರ್ಷ ನೀನು ಮಂಪರಿನಲ್ಲಿ ಬಿದ್ದಿದ್ದಾಗ ಲೇಡಿ ಡಾಕ್ಟರು ಅವನನ್ನು ವರಾಂಡಕ್ಕೆ ಕರೆದು ಹೇಳಿದರಂತೆ: ಇನ್ನೊಂದು ಬಸುರಾದರೆ ಉಳಿಸಿಕೊಡುತ್ತೇನೆಂದು ನಾನು ಮಾತು ಕೊಡಲಾರೆ. "ಗಾಡಿ ಹಲಗೆ ಸಂದಿನಾಗೆ ರಕ್ತ ಸೋರಿ ದಾರಿ ಉದ್ದಕ್ಕೂ ಬಿದ್ದಿತ್ತು ಅತ್ತೆ. ನಾನು ಮಾರನೇ ದಿನ ಬುತ್ತಿ ತರೋಕೆ ಅದೇ ದಾರೀಲಿ ಹೋದೆ. ನಾಯಿ ಮೂಸ್ತಿದ್ವು" ಎಂದ.

"ಅವಳಿಗೇ ಯಾಕಪ್ಪ ಹೇಳ್ಲಿಲ್ಲ?"

"ಹೇಳಿದ್ರೆ, ಏನಾಗಲ್ಲ ಬರ್ರಿ ಅಂತಾಳೆ. ಅವಳಿಗೆ ಗಂಡು ಕೂಸಿನ ಆಸೆ. ಅವಳು ಕರೆದ್ರೆ ನಾನು ನಿಲ್ಲಲ್ಲ. ಒಳಗೆ ಮಲಗಿ ನೋಡಿದೆ, ಅವಳ ತಲೆ ಎಣ್ಣೆ ವಾಸ್ನೆ ಬಂದ್ರೆ ಸಾಕು. ರೊಪ್ಪಕ್ಕೆ ಹೋದೆ, ಅಲ್ಲಿಂದ್ಲೂ ಒಂದಿನ ಎದ್ದು ಬಂದೆ. ನನ್ ಮೇಲೆ ನನಗೆ ನಂಬಿಕಿಲ್ಲ. ದೇವ್ರನ್ನೇ ಅಡ್ಡ ನಿಲ್ಲಿಸ್ಕಂಡೆ."

"ಗಂಡಸ್ರಿಗೆ ಆಪರೇಷನ್ ಮಾಡ್ತಾರಲ್ಲೋ."

"ಪಕ್ಕದ ಹಟ್ಟಿಯವ್ನು ಮಾಡಿಸ್ಕಂಡ. ಆಮೇಲೂ ಹೆಂಡ್ತಿ ಬಸುರಾದ್ಲು. ಎಲ್ಲೋ ಒಬ್ರಿಗೆ ಹಂಗಾಗ್ತದೆ ಅಂದ್ರಂತೆ ಡಾಕ್ಟ್ರು. ಆ ಒಬ್ಳು ನಾಗಿ ಆದ್ರೆ?"

ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡ. ಆಣೆ ಮುರಿದಿದ್ದೇನೆ, ಪಾಪ ನನ್ನ ತಲೆಗಿರಲಿ. ನಿನಗೆ ಹೇಸಿದವನಲ್ಲ ಅವನು. ನಿನ್ನನ್ನು ಕೊಂದುಬಿಟ್ಟೇನೆಂದು ಹೆದರಿದವನು.

ಇನ್ನೊಂದು ಮಾತು, ಹೆತ್ತವಳು ಇದ್ದಿದ್ದರೂ ಹೇಳುತ್ತಿದ್ದಳೋ ಇಲ್ಲವೋ. ನಿಮ್ಮ ದೊಡ್ಡಪ್ಪ ಹಾವು ಕಚ್ಚಿ ಹೋದಾಗ ನಾನು ನಿನಗಿಂತ ಚಿಕ್ಕವಳು. ಗಂಡಸಿನ ಸಂಗ ನಾನಾಗಿ ಬಿಡಲಿಲ್ಲ, ಸಾವು ಬಿಡಿಸಿತು. ಮೈ ಒಂದೇ ಸಲಕ್ಕೆ ಬಿಡುವುದಿಲ್ಲ ನಾಗಿ. ಅದು ಹಟ್ಟಿಯ ನಾಯಿಯಿದ್ದಂತೆ. ಬೈದಟ್ಟಿದರೆ ಸ್ವಲ್ಪ ದೂರ ಹೋಗಿ ಕೂತು ನಿನ್ನನ್ನೇ ನೋಡುತ್ತಿರುತ್ತದೆ. ನಿನ್ನ ಮೈಗೆ ಹಾಗಾದರೆ ನೀನು ಕೆಟ್ಟವಳೆಂದು ತಿಳಿಯಬೇಡ.

ನಿನ್ನ ದೊಡ್ಡವ್ವ
ಯಲ್ಲಕ್ಕ


ತಾಳ್ಯದ ಹಟ್ಟಿ
1-6-1973

ದೊಡ್ಡವ್ವ,

ಓದಿ ಒಲೆಗೆ ಹಾಕಿದೆ. ಮೊದಲು ಸಿಟ್ಟು ಬಂತು. ಸಾಯುವವಳು ನಾನು. ಡಾಕ್ಟರಿಗೆ ಗೊತ್ತು, ಅವರಿಗೆ ಗೊತ್ತು, ದೇವರಿಗೆ ಗೊತ್ತು, ಈಗ ನಿಮಗೂ ಗೊತ್ತು. ನನ್ನೊಬ್ಬಳಿಗೆ ಮಾತ್ರ ಗೊತ್ತಿರಲಿಲ್ಲ. ನಾನೇನು ಕುರಿಯೇ?

ಆದರೆ ಸಿಟ್ಟನ್ನು ಇಟ್ಟುಕೊಳ್ಳಲು ಪುರುಸೊತ್ತಿಲ್ಲ. ಆಗಿಹೋಗಿದೆ ದೊಡ್ಡವ್ವ. ಅವರು ರೊಪ್ಪದಿಂದ ಎದ್ದು ಬಂದ ಆ ಒಂದು ದಿನದ್ದು. ಹೋದ ಸಲ ರಕ್ತ ಹೋದಾಗಿನಿಂದ ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ, ಹಾಗಾಗಿ ಇದೂ ಅದೇ ಇರಬೇಕು ಎಂದುಕೊಂಡಿದ್ದೆ. ಮೊನ್ನೆ ಹಾಲು ಕರೆಯುತ್ತಿದ್ದಾಗ ಹೊಟ್ಟೆಯೊಳಗೆ ಮಿಡುಕಿತು. ಕೈಯಲ್ಲಿದ್ದ ಚೆಂಬು ಬಿತ್ತು.

ಯಾರಿಗೂ ಹೇಳಿಲ್ಲ. ಹೊಟ್ಟೆ ಕಂಡ ದಿನ ಹಟ್ಟಿ ಎರಡೇ ಮಾತು ಆಡುತ್ತದೆ. ಪೂಜಾರಿ ವ್ರತ ಮುರಿದ, ಇಲ್ಲವೇ ಪೂಜಾರಿಯ ಹೆಂಡತಿ ಕೆಟ್ಟಳು. ಒಂದರಲ್ಲಿ ಅವರು ಹೋಗುತ್ತಾರೆ, ಇನ್ನೊಂದರಲ್ಲಿ ನಾನು ಹೋಗುತ್ತೇನೆ. ಎರಡೂ ಆಗದಿದ್ದರೂ ಹೆರಿಗೆ ಇದ್ದೇ ಇದೆ.

ನಿಮ್ಮ ಕಾಗದ ಬಂದಾಗಿನಿಂದ ಕಣ್ಣು ಮುಚ್ಚಿದರೆ ಗಾಡಿಯ ಹಲಗೆ ಕಾಣುತ್ತದೆ. ಏನು ಮಾಡಲಿ?

ನಾಗಿ


ಬಬ್ಬೂರು ಫಾರಂ
9-6-1973

ಮಗಳೇ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಾನು ಅಕ್ಷರ ಕಲಿತದ್ದು ಫಾರಮ್ಮಿನ ಬೀಜದ ಮಡಿಗಳ ಹಲಗೆ ನೋಡಿಕೊಂಡು. ಇಂಥ ಸುದ್ದಿ ಬರೆಯಲು ಕಲಿತದ್ದಲ್ಲ.

ಮೊದಲು ಗಂಡನಿಗೆ ಹೇಳು. ಆಮೇಲೆ ಬಸಮ್ಮನಿಗೆ ಹೇಳು. ಹೌದು, ಬೇವಿನಕಾಯಿ ಎಂದವಳಿಗೇ. ಹೊಟ್ಟೆ ತಾನಾಗಿ ಕಾಣಿಸಿಕೊಳ್ಳುವುದಕ್ಕೆ ಮುಂಚೆ ನೀನೇ ಕಾಣಿಸು. ಬಚ್ಚಿಟ್ಟದ್ದನ್ನು ಹಿಡಿದವರು ಕಳ್ಳಿ ಎನ್ನುತ್ತಾರೆ, ಮುಂದೆ ತಂದು ಇಟ್ಟವಳನ್ನು ಅಷ್ಟು ಸುಲಭವಾಗಿ ಅನ್ನಲಾರರು. ಮುಟ್ಟಾದವರು ಬೇಲಿಯಾಚೆ ಕೂರುವ ಊರು ನಿಮ್ಮದು. ಯಾರು ಯಾವಾಗಿನಿಂದ ಆಚೆ ಬಂದಿಲ್ಲ ಎಂಬುದು ಅಲ್ಲಿಯ ಹೆಂಗಸರಿಗೆ ತಿಳಿದೇ ಇರುತ್ತದೆ. ಆ ಬೇಲಿ ನಿನ್ನ ಪರವಾಗಿ ಸಾಕ್ಷಿ ಹೇಳಲಿ.

ಹೆರಿಗೆಗೆ ಹೊಳಲ್ಕೆರೆ ಆಸ್ಪತ್ರೆಗೇ ಹೋಗಬೇಕು. ಇದರಲ್ಲಿ ನಿನ್ನ ಮಾತೂ ಬೇಡ, ದೇವರ ಮಾತೂ ಬೇಡ.

ಇಲ್ಲಿ ನಾನು ಹತ್ತಿ ಬಿಡಿಸುತ್ತಾ ನಿನ್ನ ಹೆಸರನ್ನು ಗೊಣಗುತ್ತಿರುತ್ತೇನಂತೆ. "ಯಲ್ಲಕ್ಕನಿಗೆ ಗಾಳಿ ಹೊಡೆದೈತೆ" ಎನ್ನುತ್ತಾರೆ. ಎನ್ನಲಿ.

ಯಲ್ಲಕ್ಕ


ತಾಳ್ಯದ ಹಟ್ಟಿ
30-8-1973

ದೊಡ್ಡವ್ವನಿಗೆ,

ತಡವಾಯಿತು, ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಂಡು ಓಡಾಡಿದೆ, ಧೈರ್ಯ ಬರಲು ಇಷ್ಟು ದಿನ ಬೇಕಾಯಿತು.

ಗುಡಿಯ ಸುತ್ತ ಕಲ್ಲು ಜೋಡಿಸಿದ ಗೆರೆಯಿದೆ, ಅದರಾಚೆ ನಿಂತು ಕರೆದೆ. ಗಂಟೆ ಉಜ್ಜುತ್ತಿದ್ದರು. "ಬಸುರಿ ನಾನು" ಎಂದೆ.

"ಯಾವಾಗಿಂದ?"

"ನೀವು ರೊಪ್ಪದಿಂದ ಎದ್ದು ಬಂದಿರಲ್ಲ, ಆವಾಗಿಂದ."

ಗಂಟೆಯನ್ನು ಹೊಸ್ತಿಲ ಮೇಲೆ ಇಟ್ಟರು. ಮುಖ ಬೂದಿಯಾಗಿತ್ತು. ಎದ್ದು ಗೆರೆಯವರೆಗೆ ಬಂದರು, ಕೈ ಚಾಚಿದರು, ಹಿಂದಕ್ಕೆ ಎಳೆದುಕೊಂಡರು. ನನ್ನನ್ನು ಉಳಿಸಲು ಹಾಕಿಕೊಂಡ ಗೆರೆ, ಆ ಹೊತ್ತಿಗೆ ನನಗೊಂದು ಕೈ ಸಹ ಸಿಗದಂತೆ ಮಾಡಿತು.

ಬಸಮ್ಮನಿಗೆ ಹೇಳಿದೆ. ಕೂಟ ಸೇರಿತು. ಗಂಡಸರು ಏನೇನೋ ಅಂದರು. ಒಬ್ಬ "ದೇವ್ರೇ ಬಂದು ಬಸುರು ಮಾಡಿದ್ನೇನೋ" ಎಂದು ಕಿಸಕ್ಕೆಂದ. ಆಗ ಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಬಾಯಿ ಮುಚ್ರೋ. ಸಂಕ್ರಾಂತಿ ಕಳೆದ್ಮೇಲೆ ಇವಳು ಬೇಲಿ ಆಚೆ ಕುಂತಿಲ್ಲ. ನನ್ ಸೊಸೇರು ಕುಂತಾಗೆಲ್ಲ ಅವರಿಗೆ ಹಿಟ್ಟು ಹಾಕಿದೋಳು ನಾನು. ಇವಳು ಇರ್ಲಿಲ್ಲ. ಅಮಾವಾಸ್ಯೆ ಪೂಜೆಗಿಂತ ಮೊದ್ಲೇ ಕಟ್ಟಿದ ಬಸುರು. ಇನ್ನೇನಾನ ಕೇಳೋದೈತಾ?" ಗೌಡರೂ ತಲೆಯಾಡಿಸಿದರು.

ನಾವಿಬ್ಬರೂ ಆ ಮಾತಿನಿಂದ ಪಾರಾದೆವು. ಆದರೆ ಪೂಜೆ ಹಾಗೇ ಉಳಿಯಿತು. ಪೂಜಾರಿಯ ಹೆಂಡತಿ ಆಸ್ಪತ್ರೆಯ ಮೈಲಿಗೆಯಲ್ಲಿ ಹೆರಬಾರದಂತೆ. ನಾನು ಹೆರುವ ಬಾಣಂತಿ ಗುಡ್ಲನ್ನು ಇನ್ನೂ ದೂರ, ಹಳ್ಳದ ಆಚೆ ಹಾಕುತ್ತಾರಂತೆ. ನಿಮ್ಮ ಅಳಿಯ ಹಳ್ಳ ದಾಟುವಂತಿಲ್ಲ. ದಾಟಿದರೆ ಮಂದೆ ಸಾಯುತ್ತದೆ ಎಂದು ಎಲ್ಲರಿಗೂ ಭಯ. ನನಗೂ ಇದೆ, ಸುಳ್ಳೇಕೆ ಹೇಳಲಿ.

ನಾಗಿ


ಬಬ್ಬೂರು ಫಾರಂ
8-10-1973

ಅಳಿಯ ಜುಂಜಯ್ಯನಿಗೆ,

ಈ ಕಾಗದ ನಿನಗೆ. ನಾಗಿಗೆ ತೋರಿಸಬೇಡ.

ದೀಪಾವಳಿಗೆ ಮುಂಚೆ ಬರುತ್ತೇನೆ, ಫಾರಮ್ಮಿನ ಸಾಹೇಬರು ರಜೆ ಕೊಟ್ಟಿದ್ದಾರೆ. ನಾನು ಬಂದ ಮೇಲೆ ಗೌಡನ ಜುಟ್ಟು ಹಿಡಿದಾದರೂ ಅವಳನ್ನು ಹೊಳಲ್ಕೆರೆಗೆ ಸಾಗಿಸುತ್ತೇನೆ. ಅಷ್ಟರೊಳಗೆ ಹೆರಿಗೆ ಆದರೆ?

ನೀನು ಹೀಗೇ ಮಾಡು ಎಂದು ನಾನು ಹೇಳುವುದಿಲ್ಲ. ದೇವರಿಗೆ ಕೊಟ್ಟ ಮಾತು ನಿನ್ನದು. ಮಂದೆ ಹಟ್ಟಿಯದು. ನಾಳೆ ಕುರಿ ಸತ್ತರೆ ಕಲ್ಲು ಬೀಳುವುದು ನಿನ್ನ ಮೇಲೆ, ನನ್ನ ಮೇಲಲ್ಲ. ಹಳ್ಳದ ಈಚೆ ನಿಂತು ಏನು ಕೇಳಿಸಿದರೂ ನಿಲ್ಲಬಲ್ಲೆಯಾ ಎಂಬುದನ್ನು ಮಾತ್ರ ಈಗಲೇ ಯೋಚಿಸಿಕೋ. ಆ ಹೊತ್ತಿನಲ್ಲಿ ಯೋಚಿಸಲು ಪುರುಸೊತ್ತು ಇರುವುದಿಲ್ಲ.

ನಿನ್ನ ಅತ್ತೆ
ಯಲ್ಲಕ್ಕ


ಹೊಳಲ್ಕೆರೆ ಆಸ್ಪತ್ರೆ
19-10-1973

ಅತ್ತೆಯವರಿಗೆ ಜುಂಜಯ್ಯನ ಶರಣು.

ನಾಗಿ ಬದುಕಿದ್ದಾಳೆ. ಅದನ್ನು ಮೊದಲು ಬರೆದಿದ್ದೇನೆ. ಹೆಣ್ಣು ಕೂಸು, ಅದೂ ಬದುಕಿದೆ. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಸರಿಮಾಡಿಕೊಂಡು ಓದಿರಿ.

ಮಟಮಟ ಮಧ್ಯಾಹ್ನ. ಹೆರಿಗೆ ಮಾಡಿಸಲು ಹೋಗಿದ್ದ ಬಸಮ್ಮ ಹಳ್ಳದ ಆಚೆಯಿಂದ ಕೂಗಿದಳು, "ಗಾಡಿ ಕಟ್ರೋ, ನಿಲ್ತಾ ಇಲ್ಲ!" ಕೂಸು ಬಂದಿತ್ತು. ನಿಲ್ಲದೇ ಇದ್ದದ್ದು ರಕ್ತ. ಹಟ್ಟಿಯಲ್ಲಿ ಯಾರೂ ಅಲುಗಲಿಲ್ಲ. ಗುಡ್ಲಿಗೆ ಹೋದವರು ಮೈಲಿಗೆಯೆಂದು ದೀಪಾವಳಿಯ ತನಕ ಹಟ್ಟಿಯ ಹೊರಗಿರಬೇಕು.

ಹಳ್ಳದ ಹತ್ತಿರ ಗೌಡರು ಅಡ್ಡ ನಿಂತರು. "ಪೂಜಾರಿ, ಅಲ್ಲೇ ನಿಲ್ಲು. ಯಾರನ್ನಾನ ಕಳಿಸ್ತೀನಿ."

"ಯಾರ್ನ?" ಎಂದೆ. ಅವರು ಹಿಂದಕ್ಕೆ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು.

"ಆಚೆ ಕಾಲಿಟ್ರೆ ಮತ್ತೆ ಗುಡಿಗೆ ಕಾಲಿಡಂಗಿಲ್ಲ."

ದೇವರ ಬೆತ್ತವನ್ನು ನೆಲಕ್ಕೆ ಇಡಬಾರದು. ಅವರ ಕೈಗೆ ಕೊಟ್ಟೆ. "ಹಿಡ್ಕಳ್ರಿ ಗೌಡ್ರೆ" ಎಂದೆ. ಹೆದರಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಡಿದುಕೊಂಡ ಮೇಲೆ ನನ್ನನ್ನು ಹಿಡಿಯಲು ಅವರಿಗೆ ಕೈ ಉಳಿದಿರಲಿಲ್ಲ.

ಗಾಡಿಗೆ ಹುಲ್ಲು ಹಾಸಿ, ಎತ್ತುಗಳನ್ನು ಹತ್ತಿರದಲ್ಲೇ ಕಟ್ಟಿದ್ದೆ. ನಿಮ್ಮ ಕಾಗದ ಬಂದ ದಿನದಿಂದ ಹಾಗೇ ಇತ್ತು. ಅವಳನ್ನು ಎತ್ತಿಕೊಂಡು ಹಳ್ಳದ ನಡುವೆ ಬಂದಾಗ ಕಣ್ಣು ಬಿಟ್ಟು "ಮುಟ್ಟಬೇಡ್ರಿ, ಪೂಜೆ ಹೋಗ್ತದೆ" ಎಂದಳು. ನೀರು ನನ್ನ ಮೊಣಕಾಲಿಗಿತ್ತು. ಏನು ಹೇಳಲಿ ಅತ್ತೆ, ನಗುವೂ ಬಂತು, ಜೀವವೂ ಹೋಯಿತು. ಬಸಮ್ಮ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾ ಬಂದಳು, ನಿಧಾನ ಮಾಡಬೇಡ ಎಂದು.

ಬೇಗ ಬನ್ನಿ. ಅವಳು ನಿಮ್ಮನ್ನೇ ಕೇಳುತ್ತಾಳೆ.

ಜುಂಜಯ್ಯ


ಬಬ್ಬೂರು ಫಾರಂ
21-1-1974

ನಾಗಿ,

ಆಸ್ಪತ್ರೆಯಿಂದ ನಿನ್ನನ್ನು ಹಟ್ಟಿಗೆ ಬಿಟ್ಟು ಬಂದಾಗಿನಿಂದ ಒಂದು ಮಾತು ಕೇಳಬೇಕೆಂದು ಕಾಯುತ್ತಿದ್ದೇನೆ. ಆಪರೇಷನ್‌ಗೆ ನಿನ್ನ ಮೈಯಲ್ಲಿ ರಕ್ತವಿಲ್ಲ, ಇನ್ನೊಂದು ಬಸುರಾದರೆ ಈ ಸಲದಂತೆ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ನಿಮ್ಮಿಬ್ಬರ ಮುಂದೆಯೇ ಹೇಳಿದರು. ಈಗ ಪೂಜೆ ಬೇರೆಯವರಿಗೆ ಹೋಯಿತು. ಅವನು ಮನೆಯೊಳಗೆ ಬಂದಿದ್ದಾನೆ. ನಡುವೆ ಗುಡಿಯಿಲ್ಲ, ಗೆರೆಯಿಲ್ಲ. ಹಾಗಾದರೆ ಏನಿದೆ?

ಮೂಗು ತೂರಿಸುತ್ತಿದ್ದೇನೆ ಎಂದುಕೋ. ಹೆದರಿದವಳಿಗೆ ಮರ್ಯಾದೆ ಇರುವುದಿಲ್ಲ.

ಯಲ್ಲಕ್ಕ


ತಾಳ್ಯದ ಹಟ್ಟಿ
24-2-1974

ದೊಡ್ಡವ್ವನಿಗೆ ನಾಗಿಯ ಶರಣು.

ನೀವು ಕೇಳಿದ್ದು ಒಳ್ಳೆಯದೇ ಆಯಿತು. ನಿಮಗಲ್ಲದೆ ಯಾರಿಗೆ ಬರೆಯಲಿ?

ಮನೆಗೆ ಬಂದ ಮೇಲೆ ನಾನೇ ಮಾತು ತೆಗೆದೆ. "ಹೋದ್ಸಲ ನನ್ನ ಕೇಳ್ದೆ ಬಿಟ್ರಿ. ದೇವ್ರಿಗೆ ಹೇಳಿದ್ರಿ, ಊರಿಗೆ ಹೇಳಿದ್ರಿ. ಈ ಸಲ ನನ್ನ ಕೇಳ್ರಿ" ಎಂದೆ. "ಬಿಡಾಣವಾ?" ಎಂದರು, ಸಂತೆಗೆ ಹೋಗಾಣವಾ ಎನ್ನುವಂತೆ. "ಬಿಡಾಣ" ಎಂದೆ. ಆಣೆಯಿಲ್ಲ, ಸಾಕ್ಷಿಯಿಲ್ಲ. ಹಟ್ಟಿಗೆ ಇದು ಗೊತ್ತಿಲ್ಲ. ಗಂಡಸರು ಅವರನ್ನು ಕಂಡರೆ "ದೇವ್ರ ಬೆತ್ತ ಬಿಟ್ಟು ಹೆಂಡ್ತಿ ಸೆರಗು ಹಿಡಿದ" ಎಂದು ಹಂಗಿಸುತ್ತಾರೆ. ಒಂದು ಮರಿ ಸೀನಿದರೂ ನಮ್ಮ ಮನೆಯ ಕಡೆ ನೋಡುತ್ತಾರೆ. ಬಸಮ್ಮ ಮಾತ್ರ ಬಂದು ಕೂಸಿಗೆ ಎಣ್ಣೆ ತೀಡಿ ಹೋಗುತ್ತಾಳೆ.

ಅವರ ಭಯ ನಿಮಗೆ ಗೊತ್ತು, ನಾನು ಸತ್ತುಹೋಗುತ್ತೇನೆ ಎಂದು. ನನ್ನ ಭಯವೇ ಬೇರೆ. ಒಂದು ದಿನ ನಾನೇ ಕರೆದುಬಿಡುತ್ತೇನೆ ಎಂದು.

ನಿನ್ನೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದೆವು. ನಾನು ಕುರಿಯ ಕಾಲು ಅದುಮಿ ಹಿಡಿದಿದ್ದೆ, ಅವರ ಕೈಯಲ್ಲಿ ಕತ್ತರಿ. ಕೈಗೆ ಕೈ ತಗಲಿತು. ಬೆಂಕಿ ತಗಲಿದವರಂತೆ ಹಿಂದೆ ಸರಿದರು. ನನಗೆ ತಡೆಯಲಾಗಲಿಲ್ಲ. "ಕೈ ಮುಟ್ಟಿದ್ರೆ ಬಸುರಾಗಲ್ಲ ಕಣ್ರಿ" ಎಂದೆ. ನಕ್ಕರು ದೊಡ್ಡವ್ವ. ಕೂಸು ಸತ್ತ ವರ್ಷದಿಂದ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಗುತ್ತಾ ಕತ್ತರಿಯನ್ನು ಕೆಳಗಿಟ್ಟು ನನ್ನ ಕೈ ಹಿಡಿದರು. ಅಂಗೈ ಒರಟಾಗಿ, ಬೆಚ್ಚಗೆ, ಉಣ್ಣೆಯ ಜಿಡ್ಡಿನಿಂದ ಕೂಡಿತ್ತು. ಕುರಿ ಒದ್ದುಕೊಂಡು, ಅರ್ಧ ಉಣ್ಣೆ ಹೊತ್ತುಕೊಂಡೇ ಓಡಿಹೋಯಿತು. ಇಬ್ಬರೂ ನೋಡಲಿಲ್ಲ. ಅವರ ನಗು ನಿಂತಿತು. ಇನ್ನೊಂದು ಗಳಿಗೆ ಕಳೆದಿದ್ದರೆ ನಾನೇ ಒಳಗೆ ಬರ್ರಿ ಎಂದುಬಿಡುತ್ತಿದ್ದೆ.

"ಪಾಲಮ್ಮಾ, ನೀರು ತಗಂಬಾರೇ" ಎಂದು ಕೂಗಿದೆ.

ಅವಳು ಬಾವಿಯ ಹತ್ತಿರ ಆಡುತ್ತಿದ್ದಳು. ಬರುತ್ತೇನೆ ಎಂದು ಕೂಗಿ ಅಲ್ಲೇ ಆಟ ಮುಂದುವರಿಸಿದಳು. ಇನ್ನೊಮ್ಮೆ ಕೂಗಿದೆ, ಅವರೂ ಕೂಗಿದರು. ಅವಳು ಚೆಂಬು ತುಂಬಿಕೊಂಡು, ಚೆಲ್ಲದಂತೆ ಹೆಜ್ಜೆ ಇಡುತ್ತಾ, ಅಷ್ಟು ದೂರದಿಂದ ಬಂದು ಮುಟ್ಟುವ ತನಕ ಇಬ್ಬರೂ ಕೈ ಬಿಡಲಿಲ್ಲ.

ನಿಮ್ಮ
ನಾಗಿ